ಒಂದೇ ಕೋಡ್, ಹಲವು ತಾಣಗಳು: ತಾಣವಾರು ಸೆಟ್ಟಿಂಗ್‌ಗಳ ಸಮಗ್ರ ಮಾರ್ಗದರ್ಶಿ

ಮಳಿಗೆ ತಾಣದ ಗ್ರಾಹಕರೊಬ್ಬರು ಪಾಸ್‌ವರ್ಡ್ ಮರೆತು ಹೊಸದಕ್ಕೆ ಕೋರಿಕೆ ಸಲ್ಲಿಸುತ್ತಾರೆ. ಇಮೇಲ್ ಬರುತ್ತದೆ. ಅದರ ನೆತ್ತಿಯ ಮೇಲೆ ಸುದ್ದಿ ತಾಣದ ಲಾಂಛನ. ಕೊಂಡಿ ಒತ್ತಿದರೆ ತೆರೆದುಕೊಳ್ಳುವುದೂ ಸುದ್ದಿ ತಾಣದ ಲಾಗಿನ್ ಪುಟ. ಎರಡೂ ತಾಣಗಳ ಸೆಟ್ಟಿಂಗ್ ಪರದೆಗಳನ್ನು ತೆರೆದು ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ. ತಪ್ಪು ಮೌಲ್ಯವನ್ನು ಯಾರೂ ತುಂಬಿಲ್ಲ. ಸರಿಯಾದ ಮೌಲ್ಯವನ್ನು ತಪ್ಪು ಜಾಗದಿಂದ ಓದಲಾಗಿದೆ, ಅಷ್ಟೇ.

ಒಂದೇ ಕೋಡ್‌ನಿಂದ ಹಲವು ತಾಣಗಳನ್ನು ನಡೆಸುವವರಿಗೆ ಬರುವ ಬಹುಪಾಲು ತಲೆನೋವು ಈ ಜಾತಿಯದು. ಸೆಟ್ಟಿಂಗ್‌ಗಳನ್ನು ಫೈಲಿನಲ್ಲಿ ಇಡಬೇಕೋ ಡೇಟಾಬೇಸಿನಲ್ಲಿ ಇಡಬೇಕೋ ಎಂದು ವಾದ ಮಾಡುವುದರಲ್ಲಿ ತಂಡಗಳು ಹೊತ್ತು ಕಳೆಯುತ್ತವೆ. ಅದು ಎರಡನೆಯ ಪ್ರಶ್ನೆ. ಈ ತಾಣದಲ್ಲಿ, ಈ ಸೆಟ್ಟಿಂಗ್‌ಗೆ, ಈ ಕ್ಷಣದಲ್ಲಿ ಯಾವ ಮೌಲ್ಯ ಜಾರಿಯಲ್ಲಿದೆ, ಅದು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಕೋಡ್ ಬಗೆಯದೆ ಉತ್ತರ ಹೇಳಲು ಬರಬೇಕು. ಮುಂದಿನ ಹಂತಗಳೆಲ್ಲ ಆ ಉತ್ತರಕ್ಕಾಗಿ. ಉದಾಹರಣೆಗೆ ಸುದ್ದಿ, ಮಳಿಗೆ, ಸಹಾಯ ಎಂಬ ಮೂರು ತಾಣಗಳನ್ನು ಇಟ್ಟುಕೊಳ್ಳೋಣ.

ಹಂತ 1: ಇರುವುದನ್ನೆಲ್ಲ ಪಟ್ಟಿ ಮಾಡಿ

ಕೋಡ್, ಪರಿಸರ ಚರಾಂಶಗಳು (ಪ್ರೋಗ್ರಾಂಗೆ ಸರ್ವರ್ ಹೊರಗಿನಿಂದ ಕೊಡುವ ಮೌಲ್ಯಗಳು), ಡೇಟಾಬೇಸ್, ವೆಬ್ ಸರ್ವರಿನ ಫೈಲುಗಳು — ಎಲ್ಲಿದ್ದರೂ ಹುಡುಕಿ ಒಂದು ಸ್ಪ್ರೆಡ್‌ಶೀಟಿಗೆ ತನ್ನಿ. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ: ಇದನ್ನು ಬದಲಾಯಿಸುವವರು ಯಾರು, ಎಷ್ಟು ಸಲ ಬದಲಾಗುತ್ತದೆ, ತಪ್ಪಾದರೆ ಏನು ಕೆಡುತ್ತದೆ.

ಪಟ್ಟಿ ಬೆಳೆದಂತೆ ಗುಂಪುಗಳು ತಾವಾಗಿಯೇ ಬೇರ್ಪಡುತ್ತವೆ. ಡೇಟಾಬೇಸ್ ಸರ್ವರಿನ ವಿಳಾಸ ಪರಿಸರಕ್ಕೆ ಸೇರಿದ್ದು; ಪರೀಕ್ಷಾ ಸರ್ವರಿನಲ್ಲಿ ಒಂದು, ನಿಜವಾದ ಸರ್ವರಿನಲ್ಲಿ ಇನ್ನೊಂದು. ಪಾವತಿ ಸೇವೆಯ ಕೀಲಿ ಗುಟ್ಟಿನ ವಿಷಯ. ಪಾಸ್‌ವರ್ಡಿನ ಕನಿಷ್ಠ ಉದ್ದ ಇಡೀ ಜಾಲಕ್ಕೆ, ಅಂದರೆ ಎಲ್ಲ ತಾಣಗಳಿಗೂ, ಅನ್ವಯಿಸುವ ನಿಯಮ. ತಾಣದ ಹೆಸರು, ಲಾಂಛನ, ಭಾಷೆ, ಕಾಲವಲಯ, ಇಮೇಲ್ ಕಳುಹಿಸುವ ವಿಳಾಸ ಇವು ನಿಜವಾಗಿಯೂ ತಾಣವಾರು. ಇವುಗಳ ನಡುವೆ ಸೆಟ್ಟಿಂಗ್ ವೇಷದ ವಿಷಯವಸ್ತುವೂ ಸಿಗುತ್ತದೆ: ಮುಖಪುಟದ ಸ್ವಾಗತ ವಾಕ್ಯ, ಹಬ್ಬದ ಬ್ಯಾನರು. ಅವನ್ನು ಸಂಪಾದಕರ ಕೈಗೆ ಕೊಟ್ಟು ಈ ಪಟ್ಟಿಯಿಂದ ಹೊಡೆದುಹಾಕಿ.

ಅನುಮಾನ ಬಂದಾಗ ಸೆಟ್ಟಿಂಗನ್ನು ಎಲ್ಲ ತಾಣಗಳಿಗೂ ಸಮಾನವಾಗಿ ಇಡಿ. ‘ಮುಂದೆ ಬೇಕಾಗಬಹುದು’ ಎಂದು ತಾಣವಾರು ಮಾಡಿದ ಪ್ರತಿಯೊಂದು ಗುಂಡಿಯನ್ನೂ ಅದು ಇರುವಷ್ಟು ಕಾಲ ಪರೀಕ್ಷಿಸುತ್ತಲೇ ಇರಬೇಕಾಗುತ್ತದೆ. ಸಮಾನವಾದದ್ದನ್ನು ಮುಂದೆ ತಾಣವಾರು ಮಾಡುವುದು ಸುಲಭ. ತಾಣವಾರು ಮಾಡಿದ್ದನ್ನು ಒಂದುಗೂಡಿಸಲು ಹೊರಟರೆ ಪ್ರತಿ ತಾಣದವರನ್ನೂ ಒಪ್ಪಿಸಬೇಕು.

ಹಂತ 2: ‘ಇದು ಯಾವ ತಾಣ’ ಎಂಬುದು ಒಂದೇ ಕಡೆ ತೀರ್ಮಾನವಾಗಲಿ

ಬ್ರೌಸರಿನ ಕೋರಿಕೆಯಲ್ಲಿ ಬರುವ ಹೋಸ್ಟ್ ಹೆಡರ್ (ಯಾವ ಡೊಮೇನ್ ಬೇಕೆಂದು ಹೇಳುವ ಸಾಲು) ನೋಡಿ ಹೆಚ್ಚಿನ ಅಪ್ಲಿಕೇಶನ್‌ಗಳು ತಾಣವನ್ನು ಗುರುತಿಸುತ್ತವೆ. ಆ ಹೆಡರನ್ನು ಬರೆಯುವುದು ಎದುರಿನವರು, ನೀವಲ್ಲ. ಯಾರು ಬೇಕಾದರೂ ಏನು ಬೇಕಾದರೂ ಬರೆದು ಕಳುಹಿಸಬಹುದು. ಅದನ್ನು ಹಾಗೆಯೇ ನಂಬಿ ಪಾಸ್‌ವರ್ಡ್ ಮರುಹೊಂದಿಕೆಯ ಕೊಂಡಿ ಕಟ್ಟಿದರೆ, ದಾಳಿಕೋರನ ಡೊಮೇನ್ ಇರುವ ಕೊಂಡಿಯನ್ನು ನಿಮ್ಮ ಸರ್ವರೇ ನಿಮ್ಮ ಗ್ರಾಹಕರಿಗೆ ಕಳುಹಿಸಿಕೊಡುತ್ತದೆ. ಒಪ್ಪುವ ಡೊಮೇನ್‌ಗಳ ಪಟ್ಟಿ ಇರಲೇಬೇಕು. ಜಾಂಗೋ ಎಂಬ ವೆಬ್ ಚೌಕಟ್ಟಿನಲ್ಲಿ ಇದಕ್ಕೆ ಅಲೌಡ್ ಹೋಸ್ಟ್ಸ್ ಇದೆ, ಡ್ರುಪಲ್ ಎಂಬ ತಾಣ ನಿರ್ವಹಣಾ ತಂತ್ರಾಂಶದಲ್ಲಿ ಟ್ರಸ್ಟೆಡ್ ಹೋಸ್ಟ್ ಪ್ಯಾಟರ್ನ್ಸ್. ನಿಮ್ಮ ಸರ್ವರಿನ ಮುಂದೆ ಪ್ರಾಕ್ಸಿ (ಕೋರಿಕೆಗಳನ್ನು ಪಡೆದು ದಾಟಿಸುವ ನಡುವಿನ ಸರ್ವರ್) ಇದ್ದರೆ, ಅದು ಸೇರಿಸುವ ಫಾರ್ವರ್ಡೆಡ್ ಹೋಸ್ಟ್ ಹೆಡರನ್ನು ನಿಮ್ಮದೇ ಪ್ರಾಕ್ಸಿಯಿಂದ ಬಂದಾಗ ಮಾತ್ರ ನಂಬಿ.

ಪಟ್ಟಿಯಲ್ಲಿಲ್ಲದ ಡೊಮೇನ್ ಬಂದರೆ? ಇಲ್ಲಿಯೇ ಬಹಳ ವ್ಯವಸ್ಥೆಗಳು ಜಾರುವುದು. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನಲ್ಲಿ ಡೀಫಾಲ್ಟ್ ಸರ್ವರ್ ಯಾವುದೆಂದು ಹೇಳದಿದ್ದರೆ, ಆ ಪೋರ್ಟಿಗೆ ಬರೆದ ಮೊದಲ ಸರ್ವರ್ ಬ್ಲಾಕ್ ಉತ್ತರಿಸುತ್ತದೆ. ಡ್ರುಪಲ್ ಹೊಂದುವ ಫೋಲ್ಡರ್ ಸಿಗದಿದ್ದರೆ ಸೈಟ್ಸ್ ಫೋಲ್ಡರಿನ ಒಳಗಿರುವ ಡೀಫಾಲ್ಟ್‌ಗೆ ಹೋಗುತ್ತದೆ. ವಿಳಾಸ ಅರ್ಥವಾಗದ ಪತ್ರವನ್ನು ಬೀದಿಯ ಮೊದಲ ಮನೆಗೆ ಹಾಕಿ ಹೋಗುವ ಅಂಚೆಯವನ ಕೆಲಸ ಇದು. ಗುರುತು ಸಿಗದಿದ್ದರೆ ದೋಷ ತೋರಿಸಿ ನಿಲ್ಲಿಸುವುದೇ ಸರಿ: ಎಂಜಿನ್‌ಎಕ್ಸ್‌ನಲ್ಲಿ 444 ಎಂದು ಬರೆದರೆ ಉತ್ತರ ಕೊಡದೆ ಸಂಪರ್ಕ ಕಡಿಯುತ್ತದೆ, ಅಪ್ಲಿಕೇಶನ್ ಮಟ್ಟದಲ್ಲಾದರೆ 404 (ಸಿಗಲಿಲ್ಲ) ಅಥವಾ 421 (ತಪ್ಪು ಸರ್ವರಿಗೆ ಬಂದಿದೆ) ಎಂಬ ದೋಷ ಸಂಖ್ಯೆ ಸಾಕು.

ಡೊಮೇನ್ ಹೆಸರನ್ನೇ ತಾಣದ ಗುರುತು ಮಾಡಬೇಡಿ. ಡೊಮೇನ್ ಬದಲಾಗುತ್ತದೆ, ಒಂದು ತಾಣಕ್ಕೆ ನಾಲ್ಕಾರು ಹೆಸರುಗಳಿರುತ್ತವೆ, ಪರೀಕ್ಷಾ ಸರ್ವರಿನಲ್ಲಿ ಬೇರೆಯೇ ಇರುತ್ತದೆ. ಪ್ರತಿ ತಾಣಕ್ಕೂ ಎಂದೂ ಬದಲಾಗದ ಒಂದು ಐಡಿ ಕೊಡಿ. ಯಾವ ಡೊಮೇನ್ ಯಾವ ಐಡಿಗೆ ಎಂಬುದು ಬೇರೆ ಕೋಷ್ಟಕದಲ್ಲಿರಲಿ. ಕೋರಿಕೆ ಒಳಬಂದ ಕೂಡಲೇ ಡೊಮೇನಿನಿಂದ ಐಡಿ ಹುಡುಕಿ, ಅಲ್ಲಿಂದ ಮುಂದೆ ಐಡಿ ಮಾತ್ರ ಓಡಾಡಲಿ.

ಹಂತ 3: ಪದರಗಳನ್ನು ನಿಗದಿ ಮಾಡಿ

ಇದು ಇಡೀ ಕೆಲಸದ ತಿರುಳು; ಅವಸರ ಬೇಡ. ಮೂರು ಪದರಗಳು ಸಾಮಾನ್ಯವಾಗಿ ಸಾಕಾಗುತ್ತವೆ: ಕೋಡ್‌ನಲ್ಲಿರುವ ಡೀಫಾಲ್ಟ್, ಅದರ ಮೇಲೆ ಇಡೀ ಜಾಲದ ಮೌಲ್ಯ, ಅದರ ಮೇಲೆ ತಾಣದ ಮೌಲ್ಯ. ಮೇಲಿನದು ಇದ್ದರೆ ಅದೇ ಗೆಲ್ಲುತ್ತದೆ, ಇಲ್ಲದಿದ್ದರೆ ಕೆಳಗಿಳಿದು ನೋಡಬೇಕು. ಇವೆಲ್ಲವನ್ನೂ ಮೀರುವ ಅಧಿಕಾರ ಪರಿಸರಕ್ಕೆ ಇರಲಿ. ಅದೇಕೆಂಬುದು ಹಂತ 9ರಲ್ಲಿ ಬರುತ್ತದೆ. ‘ತಾಣಗಳ ಗುಂಪು’ ಎಂಬ ಇನ್ನೊಂದು ಪದರ ಬೇಕು ಎಂಬ ಬೇಡಿಕೆ ಬಂದೇ ಬರುತ್ತದೆ. ಆದಷ್ಟು ತಡೆಯಿರಿ. ಒಂದು ತಾಣ ಎರಡು ಗುಂಪಿಗೆ ಸೇರಿದ ದಿನ ಯಾವ ಗುಂಪಿನ ಮಾತು ನಡೆಯಬೇಕೆಂದು ಹೇಳುವವರು ಯಾರೂ ಇರುವುದಿಲ್ಲ.

ಈಗ ‘ಖಾಲಿ’ ಎಂದರೇನು ಎಂದು ತೀರ್ಮಾನಿಸಿ. ಜಾಲದ ಮಟ್ಟದಲ್ಲಿ ಅಡಿಬರಹದ ದೂರವಾಣಿ ಸಂಖ್ಯೆ ಇದೆ ಎನ್ನಿ. ಸಹಾಯ ತಾಣಕ್ಕೆ ದೂರವಾಣಿ ಬೇಡ; ಅವರು ಆ ಜಾಗವನ್ನು ಅಳಿಸಿ ಉಳಿಸುತ್ತಾರೆ. ಪುಟ ತೆರೆದರೆ ಜಾಲದ ಸಂಖ್ಯೆ ಮತ್ತೆ ಕಾಣಿಸುತ್ತದೆ, ಏಕೆಂದರೆ ಖಾಲಿ ಇದ್ದರೆ ಕೆಳಗಿನ ಪದರ ನೋಡು ಎಂದು ಕೋಡ್ ಬರೆದವರು ಭಾವಿಸಿದ್ದರು. ‘ಇಲ್ಲಿ ಏನೂ ತೋರಿಸಬೇಡ’ ಮತ್ತು ‘ಜಾಲದ ಮೌಲ್ಯವನ್ನೇ ಬಳಸು’ ಇವು ಎರಡು ಬೇರೆ ಅಪ್ಪಣೆಗಳು. ತಾಣದ ಸಾಲು ಕೋಷ್ಟಕದಲ್ಲಿ ಇಲ್ಲದಿದ್ದರೆ ಮಾತ್ರ ಕೆಳಗಿಳಿಯಬೇಕು. ಸಾಲು ಇದ್ದು ಮೌಲ್ಯ ಖಾಲಿಯಾಗಿದ್ದರೆ ಖಾಲಿಯೇ ಉತ್ತರ. ಪರದೆಯಲ್ಲಿ ‘ಜಾಲದ ಮೌಲ್ಯ ಬಳಸಿ’ ಎಂಬ ಪ್ರತ್ಯೇಕ ಗುರುತುಪೆಟ್ಟಿಗೆ ಇಡಿ; ಅದನ್ನು ಒತ್ತಿ ಉಳಿಸಿದರೆ ತಾಣದ ಸಾಲು ಅಳಿಯಲಿ.

ಹೊಸ ತಾಣ ಹುಟ್ಟಿಸುವಾಗ ಡೀಫಾಲ್ಟ್ ಮೌಲ್ಯಗಳನ್ನೆಲ್ಲ ಅದರ ಹೆಸರಿಗೆ ನಕಲು ಮಾಡುವ ಅಭ್ಯಾಸವನ್ನೂ ಬಿಡಿ. ಮಾಡುವ ದಿನ ಅನುಕೂಲವೆನಿಸುತ್ತದೆ. ವರ್ಷದ ಬಳಿಕ ಜಾಲದ ಡೀಫಾಲ್ಟ್ ಬದಲಿಸಿದರೆ ಒಂದು ತಾಣವೂ ಬದಲಾಗುವುದಿಲ್ಲ. ಯಾವ ತಾಣ ಬೇಕೆಂದೇ ಆ ಮೌಲ್ಯ ಇಟ್ಟುಕೊಂಡಿದೆ, ಯಾವುದಕ್ಕೆ ನಕಲಿನಿಂದ ಬಂತು ಎಂದು ಬೇರ್ಪಡಿಸುವ ದಾರಿಯೂ ಉಳಿದಿರುವುದಿಲ್ಲ.

ಪಟ್ಟಿ ರೂಪದ ಸೆಟ್ಟಿಂಗ್‌ಗಳಿಗೆ ಇನ್ನೊಂದು ನಿಯಮ ಬೇಕು. ಜಾಲದಲ್ಲಿ ಮೂರು ಪಾವತಿ ವಿಧಾನಗಳಿವೆ, ಮಳಿಗೆ ತಾಣದಲ್ಲಿ ಒಂದನ್ನು ಬರೆದಿದ್ದಾರೆ. ಫಲಿತಾಂಶ ಒಂದೋ ನಾಲ್ಕೋ? ನನ್ನ ಮತ ಸ್ಪಷ್ಟ: ಮೇಲಿನ ಪಟ್ಟಿ ಕೆಳಗಿನದನ್ನು ಪೂರ್ತಿ ಬದಲಿಸಬೇಕು. ಕೂಡಿಸುತ್ತ ಹೋದರೆ ಸೇರಿಸಲು ಬರುತ್ತದೆ, ತೆಗೆಯಲು ಬರುವುದಿಲ್ಲ. ಇದರ ಜೊತೆಗೆ, ತಾಣದವರು ಮುಟ್ಟಲೇಬಾರದ ಸೆಟ್ಟಿಂಗ್‌ಗಳಿಗೆ ಜಾಲದ ಮಟ್ಟದಲ್ಲಿ ಬೀಗ ಇರಲಿ. ಪಾಸ್‌ವರ್ಡಿನ ಕನಿಷ್ಠ ಉದ್ದವನ್ನು ಒಂದು ತಾಣ ತಗ್ಗಿಸುವಂತಿದ್ದರೆ ಅದು ನಿಯಮವಲ್ಲ, ಸಲಹೆ.

ಸಿದ್ಧ ವ್ಯವಸ್ಥೆಗಳನ್ನು ಬಳಸುವವರು ಅವುಗಳ ಪದರಗಳನ್ನು ಅರಿತಿರಬೇಕು. ವರ್ಡ್‌ಪ್ರೆಸ್‌ನ ಬಹುತಾಣ ಸೌಲಭ್ಯ 2010ರಲ್ಲಿ, 3.0 ಆವೃತ್ತಿಯಲ್ಲಿ, ಮೂಲ ತಂತ್ರಾಂಶದೊಳಗೆ ಸೇರಿತು. ಅದರಲ್ಲಿ ಪ್ರತಿ ತಾಣಕ್ಕೂ ಬೇರೆ ಆಪ್ಷನ್ಸ್ ಕೋಷ್ಟಕವಿದೆ. ಜಾಲದ ಮೌಲ್ಯಗಳು ಸೈಟ್‌ಮೆಟಾ ಕೋಷ್ಟಕದಲ್ಲಿವೆ. ಗೆಟ್_ಸೈಟ್_ಆಪ್ಷನ್ ಎಂಬ ಫಂಕ್ಷನ್ ಓದುವುದು ಜಾಲದ ಮೌಲ್ಯವನ್ನು, ತಾಣದ್ದನ್ನಲ್ಲ. 4.4 ಆವೃತ್ತಿಯಲ್ಲಿ ಬಂದ ಗೆಟ್_ನೆಟ್‌ವರ್ಕ್_ಆಪ್ಷನ್ ಬಳಸಿದರೆ ಓದುವವರಿಗೆ ಗೊಂದಲವಿರುವುದಿಲ್ಲ. ತಾಣದಲ್ಲಿ ಮೌಲ್ಯ ಇಲ್ಲದಿದ್ದರೆ ಜಾಲಕ್ಕೆ ಇಳಿಯುವ ಕೆಲಸವನ್ನು ವರ್ಡ್‌ಪ್ರೆಸ್ ತಾನಾಗಿ ಮಾಡುವುದಿಲ್ಲ. ಆ ತರ್ಕವನ್ನು ನೀವೇ ಬರೆಯಬೇಕು.

ಡ್ರುಪಲ್‌ನ ಬಲೆ ಬೇರೆ ಥರದ್ದು. ಅಲ್ಲಿ ತಾಣದ ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದ ಮೌಲ್ಯ ಡೇಟಾಬೇಸಿನದನ್ನು ಮೀರುತ್ತದೆ, ಆದರೆ ಆಡಳಿತ ಪರದೆಯ ಫಾರ್ಮ್ ಡೇಟಾಬೇಸಿನ ಮೌಲ್ಯವನ್ನೇ ತೋರಿಸುತ್ತದೆ. ನಿರ್ವಾಹಕರು ಬದಲಿಸಿ ಉಳಿಸುತ್ತಾರೆ, ‘ಉಳಿಸಲಾಗಿದೆ’ ಎಂಬ ಸಂದೇಶವೂ ಬರುತ್ತದೆ, ತಾಣದಲ್ಲಿ ಮಾತ್ರ ಏನೂ ಬದಲಾಗುವುದಿಲ್ಲ. ಫೈಲಿನಿಂದ ಮೀರಿದ ಸೆಟ್ಟಿಂಗ್‌ಗಳ ಪಟ್ಟಿಯನ್ನು ನಿರ್ವಾಹಕರಿಗೆ ಕಾಣುವ ಜಾಗದಲ್ಲಿ ಇಟ್ಟಿರಿ.

ಹಂತ 4: ಇಡುವ ಜಾಗ

ಅಭಿವೃದ್ಧಿ ತಂಡ ಬದಲಾಯಿಸುವಂಥವು ಫೈಲಿನಲ್ಲಿ, ಗಿಟ್ (ಬದಲಾವಣೆಗಳ ದಾಖಲೆ ಇಡುವ ಸಾಧನ) ಇತಿಹಾಸದ ಸಮೇತ ಇರಲಿ. ತಾಣದವರು ಬದಲಾಯಿಸುವಂಥವು ಡೇಟಾಬೇಸಿನಲ್ಲಿರಲಿ. ಕೋಷ್ಟಕ ಸರಳ: ತಾಣದ ಐಡಿ, ಸೆಟ್ಟಿಂಗಿನ ಹೆಸರು, ಮೌಲ್ಯ, ಬದಲಿಸಿದವರು, ಸಮಯ. ಐಡಿ ಮತ್ತು ಹೆಸರು ಸೇರಿ ಅನನ್ಯವಾಗಿರಬೇಕು.

ಇಲ್ಲೊಂದು ಸಣ್ಣ ಮುಳ್ಳಿದೆ. ಜಾಲದ ಮೌಲ್ಯಕ್ಕೆ ತಾಣದ ಐಡಿಯನ್ನು ನಲ್ (ಮೌಲ್ಯವೇ ಇಲ್ಲ) ಎಂದು ಬಿಡುವುದು ವಾಡಿಕೆ. ಆದರೆ ಅನನ್ಯತೆಯ ನಿರ್ಬಂಧದಲ್ಲಿ ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗಳು ಎರಡೂ ಒಂದು ನಲ್ ಇನ್ನೊಂದು ನಲ್‌ಗೆ ಸಮ ಎಂದು ಲೆಕ್ಕಿಸುವುದಿಲ್ಲ. ಹಾಗಾಗಿ ಒಂದೇ ಸೆಟ್ಟಿಂಗ್‌ಗೆ ಜಾಲದ ಸಾಲು ಎರಡು ಬಂದು ಕೂರಬಹುದು. ಯಾವುದು ಓದಿಗೆ ಸಿಗುತ್ತದೆ ಎಂಬುದು ಅದೃಷ್ಟ. ಪೋಸ್ಟ್‌ಗ್ರೆಸ್ 15ರಿಂದ ಈಚೆಗೆ ಇದನ್ನು ತಡೆಯುವ ಆಯ್ಕೆ ಇದೆ. ಇಲ್ಲವಾದರೆ ಜಾಲಕ್ಕೆ 0 ಎಂಬ ಐಡಿ ಮೀಸಲಿಡಿ, ಅಥವಾ ಅದಕ್ಕೆ ಬೇರೆ ಕೋಷ್ಟಕವನ್ನೇ ಮಾಡಿ.

ಸೆಟ್ಟಿಂಗಿನ ಹೆಸರುಗಳು ಕೋಡ್‌ನಲ್ಲಿ ಮೊದಲೇ ನೋಂದಣಿಯಾಗಿರಬೇಕು: ಹೆಸರು, ವಿಧ, ಡೀಫಾಲ್ಟ್, ಯಾವ ಪದರಗಳಲ್ಲಿ ಬದಲಿಸಬಹುದು, ಗುಟ್ಟಿನದೋ ಅಲ್ಲವೋ. ನೋಂದಣಿಯಾಗದ ಹೆಸರನ್ನು ಕೇಳಿದರೆ ಪ್ರೋಗ್ರಾಂ ದೋಷ ಕೊಡಲಿ. ಇಷ್ಟು ಮಾಡಿದರೆ ಅಕ್ಷರ ತಪ್ಪಿದ ಹೆಸರು ಸದ್ದಿಲ್ಲದೆ ಡೀಫಾಲ್ಟ್‌ಗೆ ಜಾರುವುದು ತಪ್ಪುತ್ತದೆ.

ಕೀಲಿ, ಪಾಸ್‌ವರ್ಡುಗಳನ್ನು ಈ ಕೋಷ್ಟಕದಲ್ಲಿ ನೇರವಾಗಿ ಬರೆಯಬೇಡಿ. ಅವು ಗುಟ್ಟುಗಳನ್ನು ಕಾಯುವ ಪ್ರತ್ಯೇಕ ವ್ಯವಸ್ಥೆಯಲ್ಲಿರಲಿ. ಕೋಷ್ಟಕದಲ್ಲಿ ಅವುಗಳ ಹೆಸರು ಮಾತ್ರ ಸಾಕು.

ಹಂತ 5: ಓದುವ ದಾರಿ ಒಂದೇ ಇರಲಿ

ಎಲ್ಲ ಕಡೆಯೂ ಒಂದೇ ಫಂಕ್ಷನ್ ಮೂಲಕ ಓದಿ. ಅದು ತಾಣದ ಐಡಿಯನ್ನು ಕಡ್ಡಾಯವಾಗಿ ಕೇಳಲಿ. ಮೌಲ್ಯದ ಜೊತೆಗೆ ಯಾವ ಪದರದಿಂದ ಬಂತೆಂದೂ ಹೇಳಲಿ. ನಿರ್ವಾಹಕರು ಕೇಳಿದಾಗ ಉತ್ತರ ಹೀಗೆ ಬರಬೇಕು:

ತಾಣ: ಮಳಿಗೆ
ಸೆಟ್ಟಿಂಗ್: ಇಮೇಲ್ ಕಳುಹಿಸುವವರ ಹೆಸರು
ಕೋಡ್ ಡೀಫಾಲ್ಟ್: ಇಲ್ಲ, ಕಡ್ಡಾಯ
ಜಾಲ: ‘ಸುದ್ದಿ ಬಳಗ’
ತಾಣ: ಸಾಲು ಇಲ್ಲ
ಜಾರಿಯಲ್ಲಿರುವುದು: ‘ಸುದ್ದಿ ಬಳಗ’, ಜಾಲದ ಪದರದಿಂದ

ಇಷ್ಟು ಕಂಡರೆ ಮಳಿಗೆಯ ಇಮೇಲಿನಲ್ಲಿ ಸುದ್ದಿ ತಾಣದ ಹೆಸರು ಹೇಗೆ ಬಂತೆಂದು ಯಾರನ್ನೂ ಕೇಳಬೇಕಿಲ್ಲ.

‘ಈಗಿನ ತಾಣ’ ಎಂಬ ಜಾಗತಿಕ ಚರಾಂಶದ ಮೇಲೆ ಒರಗುವ ಕೋಡ್ ಅಪಾಯಕಾರಿ. ವರ್ಡ್‌ಪ್ರೆಸ್‌ನಲ್ಲಿ ಸ್ವಿಚ್_ಟು_ಬ್ಲಾಗ್ ಕರೆದು ಇನ್ನೊಂದು ತಾಣಕ್ಕೆ ಹೋದ ಮೇಲೆ ಹಿಂತಿರುಗುವ ಕರೆಯನ್ನೂ ಮಾಡಬೇಕು. ನಡುವೆ ದೋಷ ಎದ್ದು ಆ ಸಾಲು ತಪ್ಪಿದರೆ ಉಳಿದ ಪುಟವೆಲ್ಲ ಪರರ ತಾಣದಲ್ಲಿ ನಡೆಯುತ್ತದೆ. ಹಿಂತಿರುಗುವ ಕರೆಯನ್ನು ದೋಷ ಎದ್ದರೂ ತಪ್ಪದೆ ನಡೆಯುವ ಫೈನಲಿ ಬ್ಲಾಕಿನಲ್ಲಿ ಇಡಿ. ಆ ಬದಲಾವಣೆ ಇನ್ನೊಂದು ತಾಣದ ಪ್ಲಗಿನ್‌ಗಳನ್ನು ತರುವುದಿಲ್ಲ ಎಂಬುದೂ ನೆನಪಿರಲಿ. ಜಾಂಗೋದಲ್ಲಿ ಸೈಟ್ ಐಡಿಯನ್ನು ಸೆಟ್ಟಿಂಗ್ಸ್‌ನಲ್ಲಿ ಬರೆದರೆ ಆ ಪ್ರಕ್ರಿಯೆ (ಸರ್ವರಿನಲ್ಲಿ ಓಡುತ್ತಿರುವ ಪ್ರೋಗ್ರಾಂ) ಪೂರ್ತಿ ಆ ಒಂದು ತಾಣಕ್ಕೆ ಕಟ್ಟುಬೀಳುತ್ತದೆ. ಒಂದೇ ಪ್ರಕ್ರಿಯೆ ಹಲವು ತಾಣಗಳಿಗೆ ಉತ್ತರಿಸಬೇಕಾದರೆ ಅದನ್ನು ಬರೆಯದೆ ಬಿಟ್ಟು, ಗೆಟ್_ಕರೆಂಟ್_ಸೈಟ್‌ಗೆ ಕೋರಿಕೆಯನ್ನು ಕೊಟ್ಟು ಕೇಳಬೇಕು.

ಫೈಲ್ ಲೋಡ್ ಆಗುವಾಗಲೇ ಸೆಟ್ಟಿಂಗ್ ಓದಿ ಸ್ಥಿರಾಂಕವಾಗಿ ಇಟ್ಟುಕೊಳ್ಳುವ ಸಾಲುಗಳನ್ನು ಹುಡುಕಿ ಕೀಳಿರಿ. ಪ್ರಕ್ರಿಯೆಗೆ ಮೊದಲು ಬಂದ ತಾಣದ ಮೌಲ್ಯ ಅಲ್ಲೇ ಹೆಪ್ಪುಗಟ್ಟಿ, ನಂತರ ಬಂದವರಿಗೆಲ್ಲ ಅದೇ ಸಿಗುತ್ತದೆ.

ಹಂತ 6: ಕ್ಯಾಶ್ ಮತ್ತು ಕುಕಿ

ಕ್ಯಾಶ್ ಎಂದರೆ ಮತ್ತೆ ಬೇಗ ಸಿಗಲೆಂದು ಎತ್ತಿಟ್ಟ ನಕಲು; ಕ್ಯಾಶ್ ಕೀಲಿ ಎಂದರೆ ಅದನ್ನು ಹುಡುಕುವ ಹೆಸರು. ಪ್ರತಿ ಕ್ಯಾಶ್ ಕೀಲಿಯಲ್ಲಿ ತಾಣದ ಐಡಿ ಇರಬೇಕು. ಹೇಳುವುದು ಸುಲಭ, ತಪ್ಪುವ ಜಾಗಗಳು ಹಲವು. ರೆಡಿಸ್‌ನಂಥ ಕ್ಯಾಶ್ ಸರ್ವರಿನಲ್ಲಿ ಇಟ್ಟಿದ್ದನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಲಾಗಿನ್ ಪ್ರಯತ್ನಗಳನ್ನು ಎಣಿಸುವ ಮಿತಿ, ಹುಡುಕಾಟದ ಸೂಚಿ, ಪಿಡಿಎಫ್ ತಯಾರಿಸುವ ತಾತ್ಕಾಲಿಕ ಫೈಲು, ಅಪ್‌ಲೋಡ್ ಫೋಲ್ಡರು ಇವು ಮರೆತುಹೋಗುತ್ತವೆ. ಕೀಲಿ ಕಟ್ಟುವ ಕೆಲಸವನ್ನು ಬರೆಯುವವರ ನೆನಪಿಗೆ ಬಿಡದೆ, ಐಡಿಯನ್ನು ತಾನೇ ಮುಂದೆ ಸೇರಿಸುವ ಒಂದು ಹೊದಿಕೆ ಬರೆದು, ಕ್ಯಾಶ್ ಗ್ರಂಥಾಲಯವನ್ನು ನೇರವಾಗಿ ಕರೆಯುವುದನ್ನು ಕೋಡ್ ಪರಿಶೀಲನೆಯಲ್ಲಿ ನಿಷೇಧಿಸಿ.

ಹಳತಾದ ಮೌಲ್ಯವನ್ನು ಅಳಿಸುವುದು ಎರಡನೆಯ ಗೋಳು. ಜಾಲದ ಒಂದು ಮೌಲ್ಯ ಬದಲಾದರೆ ಅದನ್ನು ಆನುವಂಶಿಕವಾಗಿ ಪಡೆದ ಎಲ್ಲ ತಾಣಗಳ ಕ್ಯಾಶ್ ಕೂಡ ಹಳತಾಗುತ್ತದೆ. ಒಂದೊಂದನ್ನೇ ಹುಡುಕಿ ಅಳಿಸುವ ಬದಲು ಪ್ರತಿ ತಾಣಕ್ಕೊಂದು, ಜಾಲಕ್ಕೊಂದು ಆವೃತ್ತಿ ಸಂಖ್ಯೆ ಇಡಿ. ಎರಡೂ ಕ್ಯಾಶ್ ಕೀಲಿಯ ಭಾಗವಾಗಲಿ. ಬದಲಾವಣೆ ಆದಾಗ ಸಂಖ್ಯೆ ಒಂದು ಏರಿದರೆ ಹಳೆಯ ಕೀಲಿಗಳನ್ನು ಯಾರೂ ಕೇಳುವುದಿಲ್ಲ, ಅವು ಅವಧಿ ಮುಗಿದು ತಾವೇ ಹೋಗುತ್ತವೆ.

ಪ್ರಕ್ರಿಯೆಯ ನೆನಪಿನೊಳಗಿನ ಕ್ಯಾಶ್ ಇದಕ್ಕಿಂತ ಮೊಂಡು. ಜಾಂಗೋದ ಸೈಟ್ಸ್ ಚೌಕಟ್ಟು ತಾಣದ ವಿವರವನ್ನು ಪ್ರತಿ ಪ್ರಕ್ರಿಯೆಯಲ್ಲೂ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆ. ಆಡಳಿತ ಪರದೆಯಲ್ಲಿ ಡೊಮೇನ್ ತಿದ್ದಿದರೆ ಆ ಕೋರಿಕೆಯನ್ನು ನಿಭಾಯಿಸಿದ ಪ್ರಕ್ರಿಯೆಯ ಕ್ಯಾಶ್ ಅಳಿಯುತ್ತದೆ. ಪಕ್ಕದವು ಮರುಪ್ರಾರಂಭವಾಗುವ ತನಕ ಹಳೆಯದನ್ನೇ ಹೇಳುತ್ತಿರುತ್ತವೆ. ಪುಟವನ್ನು ಮತ್ತೆ ಮತ್ತೆ ತೆರೆದಾಗ ಒಮ್ಮೆ ಹೊಸದು, ಒಮ್ಮೆ ಹಳೆಯದು ಕಂಡರೆ ಮೊದಲು ಇಲ್ಲಿ ಹುಡುಕಿ.

ಕುಕಿಯ (ತಾಣವು ಬ್ರೌಸರಿನಲ್ಲಿ ಇಡುವ ಗುರುತಿನ) ವಿಷಯ ಚಿಕ್ಕದು, ಪರಿಣಾಮ ದೊಡ್ಡದು. ತಾಣಗಳು ಒಂದೇ ಡೊಮೇನಿನ ಉಪಡೊಮೇನ್‌ಗಳಾಗಿದ್ದು, ಸೆಷನ್ ಕುಕಿಗೆ ಮೂಲ ಡೊಮೇನ್ ಕೊಟ್ಟರೆ ಒಂದು ತಾಣದ ಕುಕಿ ಎಲ್ಲ ತಾಣಗಳಿಗೂ ಹೋಗುತ್ತದೆ. ಅದೇ ಬೇಕಿದ್ದರೆ ಸರಿ. ಬೇಡವಾಗಿದ್ದರೆ ಡೊಮೇನ್ ಗುಣವನ್ನು ಬರೆಯಲೇಬೇಡಿ. ಕುಕಿಯ ಹೆಸರನ್ನು ಎರಡು ಅಡಿಗೆರೆ, ಹೋಸ್ಟ್, ಒಂದು ಅಡ್ಡಗೆರೆ ಎಂಬ ಪೂರ್ವಪ್ರತ್ಯಯದಿಂದ ಆರಂಭಿಸಿದರೆ ಬ್ರೌಸರೇ ಈ ಶಿಸ್ತನ್ನು ಕಾಯುತ್ತದೆ.

ಹಂತ 7: ಕೋರಿಕೆ ಇಲ್ಲದೆ ನಡೆಯುವ ಕೆಲಸಗಳು

ಕ್ರಾನ್ (ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸ), ಸರತಿಯ ಕೆಲಸಗಾರರು (ಸಾಲಿನಲ್ಲಿಟ್ಟ ಕೆಲಸಗಳನ್ನು ಮಾಡುವ ಪ್ರೋಗ್ರಾಂಗಳು), ಕಮಾಂಡ್ ಲೈನ್ — ಇವುಗಳಿಗೆ ಹೋಸ್ಟ್ ಹೆಡರ್ ಇರುವುದಿಲ್ಲ. ಆರಂಭದಲ್ಲಿ ಹೇಳಿದ ಇಮೇಲ್ ಬಹುತೇಕ ಇಂಥ ಕಡೆಯಿಂದಲೇ ಹೊರಟಿರುತ್ತದೆ. ಸರತಿಗೆ ಹಾಕುವ ಪ್ರತಿ ಕೆಲಸದೊಳಗೂ ತಾಣದ ಐಡಿ ಬರೆದಿರಲಿ. ಇಲ್ಲದ ಕೆಲಸವನ್ನು ಕೆಲಸಗಾರ ತಿರಸ್ಕರಿಸಲಿ.

ಕಮಾಂಡ್ ಲೈನಿನಲ್ಲೂ ಅಷ್ಟೇ. ವರ್ಡ್‌ಪ್ರೆಸ್‌ನ ಕಮಾಂಡ್ ಉಪಕರಣಕ್ಕೆ ಯುಆರ್‌ಎಲ್ ಆಯ್ಕೆ ಕೊಡದಿದ್ದರೆ ಅದು ಮುಖ್ಯ ತಾಣದ ಮೇಲೆ ನಡೆಯುತ್ತದೆ. ಡ್ರುಪಲ್‌ನ ಡ್ರಶ್‌ಗೆ ಯುಆರ್‌ಐ ಆಯ್ಕೆ ಕೊಟ್ಟು ತಾಣ ಹೇಳಬೇಕು. ನೀವೇ ಬರೆಯುವ ಕಮಾಂಡ್‌ಗಳು ತಾಣದ ಹೆಸರಿಲ್ಲದೆ ಓಡಲು ಒಪ್ಪದಿರಲಿ. ಎಲ್ಲ ತಾಣಗಳಿಗೂ ಬೇಕಿದ್ದರೆ ‘ಎಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು. ಸಾಲಾಗಿ ಓಡುವಾಗ ಒಂದು ತಾಣದಲ್ಲಿ ಎಡವಿದರೆ ಉಳಿದವು ನಿಲ್ಲದಿರಲಿ, ಕೊನೆಯಲ್ಲಿ ಎಡವಿದವುಗಳ ಪಟ್ಟಿ ಬರಲಿ.

ಕಾಲವಲಯವನ್ನು ಗಂಟೆ-ನಿಮಿಷದ ವ್ಯತ್ಯಾಸವಾಗಿ ಬರೆಯದೆ ವಲಯದ ಹೆಸರಿನಿಂದ ಇಡಿ. ಬೇಸಿಗೆ ಸಮಯ ಪಾಲಿಸುವ ಕಡೆ ವ್ಯತ್ಯಾಸ ವರ್ಷದಲ್ಲಿ ಎರಡು ಸಲ ಬದಲಾಗುತ್ತದೆ. ಇಮೇಲ್ ಕಳುಹಿಸುವ ವಿಳಾಸ ತಾಣವಾರು ಎಂದಾದರೆ ಪ್ರತಿ ಡೊಮೇನಿಗೂ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ, ಪತ್ರ ಅಸಲಿಯೆಂದು ತೋರಿಸುವ ದಾಖಲೆಗಳು ಬೇಕು. ಇಲ್ಲದಿದ್ದರೆ ಸೆಟ್ಟಿಂಗ್ ಸರಿಯಿದ್ದರೂ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು.

ಹಂತ 8: ಪರದೆ ಮತ್ತು ಅಧಿಕಾರ

ಪ್ರತಿ ಮೌಲ್ಯದ ಪಕ್ಕದಲ್ಲಿ ಅದು ಬಂದ ಪದರ ಕಾಣಲಿ. ಬೀಗ ಹಾಕಿದ್ದು ಮಸುಕಾಗಿ, ಕಾರಣ ಸಹಿತ ಇರಲಿ. ಉಳಿಸುವಾಗ ತಾಣದ ಐಡಿಯನ್ನು ಫಾರ್ಮಿನ ಅಡಗಿದ ಜಾಗದಿಂದ ತೆಗೆದುಕೊಂಡು ನಂಬಬೇಡಿ. ಬಳಕೆದಾರರಿಗೆ ಆ ತಾಣದ ಮೇಲೆ ಹಕ್ಕಿದೆಯೇ ಎಂದು ಸರ್ವರಿನಲ್ಲಿ ನೋಡಿ.

ಡೇಟಾಬೇಸಿನಲ್ಲೇ ಕಾವಲು ಬೇಕೆನ್ನುವವರಿಗೆ ಪೋಸ್ಟ್‌ಗ್ರೆಸ್‌ನಲ್ಲಿ 9.5 ಆವೃತ್ತಿಯಿಂದ ಸಾಲು ಮಟ್ಟದ ಭದ್ರತೆ (ಯಾರಿಗೆ ಯಾವ ಸಾಲು ಕಾಣಬೇಕೆಂಬ ನಿಯಮ) ಇದೆ. ಎರಡು ಎಚ್ಚರಿಕೆ: ಕೋಷ್ಟಕದ ಒಡೆಯನಾದ ಬಳಕೆದಾರನಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ, ಬಲವಂತಪಡಿಸಬೇಕು, ಸಂಪರ್ಕಗಳನ್ನು ಹಂಚಿಕೊಳ್ಳುವ ಪೂಲ್ ಇದ್ದರೆ ತಾಣದ ಐಡಿಯನ್ನು ಸೆಷನ್ನಿಗಲ್ಲ, ಆ ವಹಿವಾಟಿಗೆ (ಡೇಟಾಬೇಸ್ ಟ್ರಾನ್ಸಾಕ್ಷನ್‌ಗೆ) ಮಾತ್ರ ಕೊಡಬೇಕು. ಇಲ್ಲದಿದ್ದರೆ ಹಿಂದಿನವರ ಐಡಿ ಮುಂದಿನವರಿಗೆ ಅಂಟಿಕೊಂಡು ಬರುತ್ತದೆ.

ಹಂತ 9: ಪರೀಕ್ಷೆ ಮತ್ತು ಬಿಡುಗಡೆ

ಒಂದೇ ತಾಣವಿರುವ ಪರೀಕ್ಷಾ ಡೇಟಾದಲ್ಲಿ ಸೋರಿಕೆ ಎಂದೂ ಕಾಣುವುದಿಲ್ಲ. ಕನಿಷ್ಠ ಎರಡು ತಾಣ ಇಡಿ, ಪ್ರತಿ ಸೆಟ್ಟಿಂಗಿನಲ್ಲೂ ಬೇಕೆಂದೇ ಬೇರೆ ಮೌಲ್ಯ ಕೊಡಿ: ಭಾಷೆ ಬೇರೆ, ಕರೆನ್ಸಿ ಬೇರೆ, ಕಾಲವಲಯ ಬೇರೆ. ನಂತರ ಒಂದೇ ಪ್ರಕ್ರಿಯೆಗೆ ಕೋರಿಕೆಗಳನ್ನು ಅದಲುಬದಲಾಗಿ ಕಳುಹಿಸಿ, ಒಂದರ ಪುಟದಲ್ಲಿ ಇನ್ನೊಂದರ ಹೆಸರು ಎಲ್ಲಿಯಾದರೂ ಇದೆಯೇ ಎಂದು ಹುಡುಕಿ.

ನಿಜವಾದ ಡೇಟಾವನ್ನು ಪರೀಕ್ಷಾ ಸರ್ವರಿಗೆ ನಕಲು ಮಾಡಿದಾಗ ತಾಣದ ಪದರದ ಪಾವತಿ ಖಾತೆ, ಇಮೇಲ್ ಸೇವೆಗಳೆಲ್ಲ ಜೊತೆಗೆ ಬರುತ್ತವೆ. ಪರೀಕ್ಷೆಗೆಂದು ಒತ್ತಿದ ಗುಂಡಿಯಿಂದ ನಿಜವಾದ ಗ್ರಾಹಕರಿಗೆ ಪತ್ರ ಹೋಗುವುದು ಹೀಗೆಯೇ. ಪರಿಸರದ ಮೌಲ್ಯ ತಾಣದ ಮೌಲ್ಯವನ್ನೂ ಮೀರಬೇಕೆಂದು ಹೇಳಿದ್ದು ಇದಕ್ಕಾಗಿ: ಪರೀಕ್ಷಾ ಪರಿಸರದಲ್ಲಿ ಹೊರಗೆ ಹೋಗುವ ಇಮೇಲ್ ಬಂದ್ ಎಂದರೆ ಯಾವ ತಾಣವೂ ಅದನ್ನು ತೆರೆಯಲಾಗದು.

ಸೆಟ್ಟಿಂಗಿನ ಹೆಸರು ಬದಲಿಸುವಾಗ ಒಂದೇ ಏಟಿಗೆ ಮಾಡಬೇಡಿ. ಮೊದಲ ಬಿಡುಗಡೆಯಲ್ಲಿ ಕೋಡ್ ಎರಡೂ ಹೆಸರುಗಳನ್ನು ಓದಲಿ, ಹೊಸದರಲ್ಲಿ ಬರೆಯಲಿ. ಎಲ್ಲ ತಾಣಗಳ ಸಾಲುಗಳು ಸ್ಥಳಾಂತರವಾದ ಮೇಲೆ ಹಳೆಯದನ್ನು ತೆಗೆಯಿರಿ. ತಾಣಕ್ಕೊಂದು ಡೇಟಾಬೇಸ್ ಇದ್ದರೆ ನವೀಕರಣವನ್ನು ಪ್ರತಿಯೊಂದರಲ್ಲೂ ಓಡಿಸಬೇಕು. ಡ್ರುಪಲ್ ಬಹುತಾಣದಲ್ಲಿ ಒಂದು ತಾಣಕ್ಕೆ ಮಾಡಿ ಉಳಿದವನ್ನು ಮರೆಯುವುದು ತೀರಾ ಸಾಮಾನ್ಯ.

ಹಂತ 10: ತಾಣ ಸೇರಿಸುವುದು, ತೆಗೆಯುವುದು

ಹೊಸ ತಾಣ ‘ಕರಡು’ ಸ್ಥಿತಿಯಲ್ಲಿ ಹುಟ್ಟಲಿ. ಕಡ್ಡಾಯ ಸೆಟ್ಟಿಂಗ್‌ಗಳೆಲ್ಲ ತುಂಬುವ ತನಕ ಅದು ಸಾರ್ವಜನಿಕರಿಗೆ ತೆರೆಯಬಾರದು.

ತೆಗೆಯುವಾಗ ಕ್ರಮ ಮುಖ್ಯ. ಮೊದಲು ತಾಣವನ್ನು ನಿಷ್ಕ್ರಿಯಗೊಳಿಸಿ, ಕ್ರಾನ್ ಮತ್ತು ಸರತಿಯಲ್ಲಿ ಬಾಕಿಯಿರುವ ಕೆಲಸಗಳನ್ನು ನಿಲ್ಲಿಸಿ. ನಂತರ ಹೊರಗಿನ ಸೇವೆಗಳ ಕೀಲಿಗಳನ್ನು ರದ್ದು ಮಾಡಿ. ಡೊಮೇನ್ ಯಾವ ಸರ್ವರಿಗೆ ಎಂದು ಹೇಳುವ ಡಿಎನ್‌ಎಸ್ ದಾಖಲೆಯನ್ನು ಅಳಿಸಲು ಮರೆಯಬೇಡಿ; ನೀವು ಬಿಟ್ಟುಕೊಟ್ಟ ಹೊರಗಿನ ಸೇವೆಯತ್ತ ಬೆರಳು ತೋರಿಸುತ್ತಿರುವ ಉಪಡೊಮೇನನ್ನು ಬೇರೆಯವರು ತಮ್ಮದಾಗಿಸಿಕೊಳ್ಳಬಹುದು. ಕೊನೆಯಲ್ಲಿ ಡೇಟಾ ಅಳಿಸಿ, ಆದರೆ ತಾಣದ ಐಡಿಯನ್ನು ಬೇರೆ ಯಾವ ತಾಣಕ್ಕೂ ಕೊಡಬೇಡಿ. ಬ್ಯಾಕಪ್‌ಗಳಲ್ಲಿ, ಲಾಗ್‌ಗಳಲ್ಲಿ, ಇನ್ನೂ ಅವಧಿ ಮುಗಿಯದ ಕ್ಯಾಶ್‌ನಲ್ಲಿ ಆ ಸಂಖ್ಯೆ ಹಳೆಯ ತಾಣವನ್ನೇ ಸೂಚಿಸುತ್ತಿರುತ್ತದೆ.